ಪೆಡಲ್ ಮೇಲಿನ ಕಾಲು

ಬ್ರೇಕ್ ತುಳಿದರೆ ಕಾರು ನಿಲ್ಲಬೇಕು. ನನ್ನದು ನಿಲ್ಲುವ ಮೊದಲು ಸ್ವಲ್ಪ ಯೋಚನೆ ಮಾಡುತ್ತದೆ.

ಮೊನ್ನೆ ಕೊಟ್ಟೂರಿನಿಂದ ಕೂಡ್ಲಿಗಿಗೆ ವಾಪಸ್ ಬರುವಾಗ ರಸ್ತೆಗೆ ಕುರಿಗಳು ಅಡ್ಡ ಬಂದವು. ಬ್ರೇಕ್ ಒತ್ತಿದೆ. ಪೆಡಲ್ಲು ಕಲಸಿಟ್ಟ ಹಿಟ್ಟಿನ ಹಾಗೆ ಮೆತ್ತಗೆ ಒಳಗೆ ಹೋಯಿತು, ಕಾರು ಮುಂದೆ ಹೋಯಿತು. ಗಾಬರಿಯಲ್ಲಿ ಹಾರ್ನ್ ಹೊಡೆಯುತ್ತ ಮತ್ತೆ ಮತ್ತೆ ತುಳಿದ ಮೇಲೆ ಅದು ಗಟ್ಟಿಯಾಗಿ, ಕೊನೆಯ ಕುರಿಯ ಬಾಲದ ಹತ್ತಿರ ಗಾಡಿ ನಿಂತಿತು. ಕುರಿ ಕಾಯುವವನು ಬೈಯಲಿಲ್ಲ. "ನಿಮ್ಮ ಹಾರ್ನ್ ಚಲೋ ಐತ್ರಿ ಸಾಹೇಬ್ರ" ಎಂದ. ಬೈದಿದ್ದರೇ ವಾಸಿಯಿತ್ತು.

ತಮಾಷೆಯ ಮಾತಲ್ಲ. ಮರುದಿನ ಇದೇ ಕಾರಿನಲ್ಲಿ ಹಡಗಲಿಗೆ ಹೋಗಬೇಕಿತ್ತು. ಮಾಗಳದಲ್ಲಿರುವ ನನ್ನ ಅತ್ತೆಗೆ ಹಡಗಲಿಯ ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಶನ್ ಆಗಿತ್ತು. ತಲೆ ಅಲುಗಾಡಬಾರದು, ಬಸ್ಸಿನಲ್ಲಿ ಮಾತ್ರ ಕರೆದುಕೊಂಡು ಹೋಗಬೇಡಿ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. (ನಮ್ಮ ಕಡೆಯ ರಸ್ತೆಗಳಲ್ಲಿ ಬಸ್ಸು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಇದ್ದೊಬ್ಬ ಮಗಳು ನನ್ನ ಹೆಂಡತಿ. ಅವ್ವನನ್ನು ನಮ್ಮ ಮನೆಗೇ ತಂದು ನೋಡಿಕೊಳ್ಳುತ್ತೇನೆ ಎಂದಿದ್ದಳು. "ಕಾರು ಇರೋದು ಮತ್ಯಾಕ?" ಎಂದು ಎಲ್ಲರೆದುರು ಜಂಬ ಕೊಚ್ಚಿದ್ದು ನಾನೇ.

ಮೆಕ್ಯಾನಿಕ್ಕು? ತಂಗಿಯ ಮದುವೆಗೆಂದು ಅರಸೀಕೆರೆಗೆ ಹೋಗಿದ್ದ. ಹಾಗಾದರೆ ನಾನೇ ಯಾಕೆ ರಿಪೇರಿ ಮಾಡಬಾರದು? ಅವನು ಮಾಡುವಾಗ ಎಷ್ಟೋ ಸಲ ಪಕ್ಕದಲ್ಲಿ ನಿಂತು ಸಲಹೆ ಕೊಟ್ಟವನಲ್ಲವೇ ನಾನು?

ಪತ್ತೆ ಕೆಲಸ ಶುರು ಮಾಡಿದೆ. ಗಾಲಿಗಳ ಒಳಬದಿ ಮುಟ್ಟಿ ನೋಡಿದೆ, ಒಣಗಿತ್ತು. ಎಂದರೆ ಎಣ್ಣೆ ಎಲ್ಲೂ ಸೋರುತ್ತಿಲ್ಲ. ಮೊದಲ ಸಲ ಒತ್ತಿದರೆ ಮೆತ್ತಗೆ, ಒತ್ತುತ್ತ ಹೋದರೆ ಗಟ್ಟಿ. ಎಂದರೆ ಪೈಪಿನೊಳಗೆ ಗಾಳಿ ಸೇರಿದೆ. ಸೇರದೆ ಏನು ಮಾಡೀತು? ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರೆ ತಳ ಕಾಣುತ್ತಿತ್ತು. ಕಾರಿನ ಗಾಜು ದಿನಾ ಒರೆಸುವ ಮನುಷ್ಯ ಆ ಡಬ್ಬಿಯನ್ನು ಯಾವತ್ತೂ ತೆರೆದು ನೋಡಿರಲಿಲ್ಲ.

ಆಯಿಲ್ ತುಂಬಿದ್ದಾಯಿತು. ಇನ್ನು ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕುಳಿತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಪಾನಾ ಹಿಡಿದು ಕೆಳಗೆ ಮಲಗಿ ಗಾಲಿಯ ಹಿಂದಿನ ನಿಪ್ಪಲ್ ಎಂಬ ಪುಟ್ಟ ತಿರುಪನ್ನು ಸಡಿಲಿಸಬೇಕು. ಗಾಳಿಯೂ ಎಣ್ಣೆಯೂ ಬುಸ್ಸೆಂದು ಬರುತ್ತವೆ. ನಿಪ್ಪಲ್ ಮತ್ತೆ ಬಿಗಿಯಾಗುವ ತನಕ ಮೇಲಿನವರು ಕಾಲು ತೆಗೆಯಕೂಡದು. ತೆಗೆದರೆ ಹೋದ ಗಾಳಿಯೆಲ್ಲ ವಾಪಸ್ ಒಳಗೆ.

ಹೆಂಡತಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಇಡೀ ಓಣಿಗೆ ಕೇಳುವ ಹಾಗೆ ಪಾಠ ಹೇಳಿದೆ. ಮಲಗಿದೆ. "ಒತ್ತು!" ಅಂದೆ. "ಒತ್ತೀನ್ರಿ" ಅಂದಳು. ಹಿಂದಿನ ಎಡ, ಹಿಂದಿನ ಬಲ, ಮುಂದಿನವು, ಎಲ್ಲ ಮುಗಿಸಿ ಎದ್ದು ಪೆಡಲ್ ಒತ್ತಿ ನೋಡಿದರೆ ಅದೇ ಹಿಟ್ಟು!

ಮತ್ತೆ ಮಾಡಿದೆ. ಮತ್ತೆ ಹಿಟ್ಟು. ಸಿಲಿಂಡರ್ ಹೋಗಿದೆ ಎಂದೆ. ಒಳಗಿನ ರಬ್ಬರ್ ಹೋಗಿದೆ ಎಂದೆ. ಈ ಕಾರನ್ನು ನನಗೆ ಮಾರಿದ ಪುಣ್ಯಾತ್ಮನ ವಂಶವನ್ನೆಲ್ಲ ನೆನೆಸಿಕೊಂಡೆ. ಅಷ್ಟರಲ್ಲಿ ಹೆಂಡತಿಯ ಮುಖ ಸಣ್ಣದಾಗಿತ್ತು. "ಅವ್ವನ್ನ ಹೆಂಗ ಕರಕೊಂಡು ಬರೋದ್ರಿ?" ಎಂದಳು. ನಾನು ಮತ್ತೆ ಕಾರಿನ ಕೆಳಗೆ ತೂರಿಕೊಂಡೆ.

ಕಾರಿನ ಕೆಳಗಿನಿಂದ ನೋಡಿದರೆ ಲೋಕದಲ್ಲಿ ಕಾಲುಗಳು ಮಾತ್ರ ಕಾಣುತ್ತವೆ. ನಿಪ್ಪಲ್ ಸಡಿಲಿಸಿದ್ದೆ. ಕಟ್ಟೆಯ ಕಡೆಯಿಂದ ನಮ್ಮಪ್ಪನ ಚಪ್ಪಲಿಗಳು ಕಿರುಗುಟ್ಟುತ್ತ ಬಂದವು. ಅದೇ ಹೊತ್ತಿಗೆ ಮುಂದಿನ ಬಾಗಿಲಿನಿಂದ ಇನ್ನೆರಡು ಕಾಲುಗಳು ಸದ್ದಿಲ್ಲದೆ ನೆಲಕ್ಕೆ ಇಳಿದವು. ಕಾಲುಂಗುರ ಇದ್ದ ಕಾಲುಗಳು.

"ಆತೇನ್ಲೇ?" ಎಂದರು ಅಪ್ಪ.

ಆಗಿತ್ತು! ನಾನು ಎಣ್ಣೆ ಮೆತ್ತಿದ ಮುಖದಲ್ಲೇ ಹೊರಗೆ ಬಂದು ಕೂಗಿದೆ, "ಕಾಲು ಯಾಕ ತಗದಿ?"

ಸೆರಗು ಸರಿ ಮಾಡಿಕೊಂಡು ಮೆಲ್ಲಗೆ ಹೇಳಿದಳು, "ಮಾವಾರು ಬಂದ್ರಲ್ರಿ. ಕುಂತೇ ಇರ್ಲೇನು?"

ಅಪ್ಪ ಪ್ರತಿ ಸಲವೂ ಕೆಲಸ ಎಲ್ಲಿಗೆ ಬಂತೆಂದು ವಿಚಾರಿಸಲು ಬಂದಿದ್ದರು. ಇವಳು ಪ್ರತಿ ಸಲವೂ ಎದ್ದು ನಿಂತಿದ್ದಳು. ಮಾವನ ಎದುರು ದನಿ ಎತ್ತಿ ನನಗೆ ಹೇಳುವುದಾದರೂ ಹೇಗೆ? ಅವರು ಅತ್ತ ಹೋದ ಮೇಲೆ ಕೂತು ಮತ್ತೆ ಒತ್ತಿದ್ದಾಳೆ. ಕೆಟ್ಟಿದ್ದು ಸಿಲಿಂಡರಲ್ಲ, ರಬ್ಬರಲ್ಲ. ಸೊಸೆ ಎದ್ದು ನಿಲ್ಲುತ್ತಾಳೆ ಎಂಬುದು ಈ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ ಗೊತ್ತೇ ಇರಲಿಲ್ಲ ಎಂದರೆ ನೀವು ನಂಬುತ್ತೀರಾ? ದಿನಾ ನೋಡುತ್ತೇನೆ, ಆದರೂ ಗೊತ್ತಿರಲಿಲ್ಲ.

"ನೀವು ಮ್ಯಾಲೆ ಕುಂದರ್ರಿ. ಪಾನಾ ನನಗ ಕೊಡ್ರಿ" ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರಿನ ಕೆಳಗೆ ಹೋದಳು. ಅಪ್ಪ ಮತ್ತೆ ಬಂದರು. ಕೆಳಗಿದ್ದವಳಿಗೆ ಏಳಲು ಜಾಗವಿರಲಿಲ್ಲ. ನಾನು ಏಳಲಿಲ್ಲ. ಮಗ ಏಳಬೇಕೆಂದು ಯಾರೂ ಅಂದುಕೊಂಡಿರಲೂ ಇಲ್ಲ. ಪೆಡಲ್ಲು ಕಲ್ಲಿನಷ್ಟು ಗಟ್ಟಿಯಾಯಿತು.

ಮರುದಿನ ಹಡಗಲಿಯ ತನಕ ಬ್ರೇಕ್ ಬಗ್ಗೆಯೇ ಮಾತಾಡಿದೆ. ಆಸ್ಪತ್ರೆಯ ಬಾಗಿಲಲ್ಲಿ ನಿಂತು, "ಹೆಂಗದೀರಿ ಅತ್ತಿ?" ಎಂದು ಜೋರಾಗಿ ಕೇಳಿದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಅತ್ತೆ ನನ್ನ ದನಿ ಕೇಳಿದ್ದೇ ಗಡಬಡಿಸಿ, ಮಂಚದ ಸರಳು ತಡಕಾಡಿ ಹಿಡಿದು, ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತ ಎದ್ದು ನಿಂತೇಬಿಟ್ಟರು.

"ಅವ್ವಾ, ಕುಂದರು! ಡಾಕ್ಟ್ರು ಏನ್ ಹೇಳ್ಯಾರ?" ಹೆಂಡತಿ ಓಡಿದಳು.

"ಅಳಿಯಾರು ಬಂದಾರವ್ವಾ" ಎಂದರು ಅತ್ತೆ.

ಒಂದು ಕಾಲಿಗಾಗಿ ಓಣಿಯೆಲ್ಲ ಕೇಳುವ ಹಾಗೆ ಕೂಗಾಡಿದವನಿಗೆ, ಆ ಬಾಗಿಲಲ್ಲಿ "ಏಳಬ್ಯಾಡ್ರಿ" ಎನ್ನಲು ಏನು ಧಾಡಿಯಾಗಿತ್ತು?