ಹೊಸನಗರದ ಪ್ಲಗ್ಗು

ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಶಾಖೆಗಳಿರುವ ಸಹಕಾರ ಸಂಘವೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ತ್ರಿಶಲಾ. ಪ್ರಿಂಟರ್ ಎಲ್ಲಿದೆ, ಸದಸ್ಯರ ಕಡತ ಯಾವ ಯಂತ್ರದಲ್ಲಿದೆ ಎಂದು ಯಾವ ಕಂಪ್ಯೂಟರು ಕೇಳಿದರೂ ವಿಳಾಸ ಹೇಳುವ ಸರ್ವರೊಂದನ್ನು ಅವಳು ಪ್ರತಿ ಶಾಖೆಯಲ್ಲೂ ಇಟ್ಟಿದ್ದಾಳೆ. ಮೂರರಲ್ಲೂ ಒಂದೇ ಪಟ್ಟಿ. ಒಂದು ಮಲಗಿದರೆ ಇನ್ನೊಂದು ಉತ್ತರ ಕೊಡುತ್ತದೆ. ಇದನ್ನು ಹದಕ್ಕೆ ತರಲು ಎರಡು ವರ್ಷ ಹಿಡಿಯಿತು. ಯಾರೂ ಶಹಬ್ಬಾಸ್ ಎನ್ನಲಿಲ್ಲ.

ಎಂಟು ದಿನದ ರಜೆ ಮುಗಿಸಿ ಬಂದು ನೋಡಿದರೆ, ಅಷ್ಟೂ ದಿನ ಹೊಸನಗರದ ಸರ್ವರ್ ಆಫ್. ಸಿಕ್ಕಿದ ಬಸ್ಸು ಹತ್ತಿ ಅಲ್ಲಿಗೆ ಹೋದಳು.

"ಸರ್ವರ್ ಪ್ಲಗ್ ಕಿತ್ತು ಕಾಫಿ ಕೆಟಲ್ ಹಾಕಿದೀರಲ್ಲ, ನಂಗೊಂದು ಫೋನ್ ಮಾಡಕ್ಕಾಗ್ಲಿಲ್ವಾ?" ಎಂದು ಹರಿಹಾಯ್ದಳು.

"ಒಂದು ಕೆಲ್ಸನೂ ನಿಲ್ಲಲಿಲ್ಲ ಮೇಡಂ. ಅದು ಸುಮ್ನೆ ಕೂತಿದೆ ಅನ್ಕಂಡ್ವಿ," ಎಂದರು ಮ್ಯಾನೇಜರ್ ಭೂತಪ್ಪ.

ಕೆಲಸ ನಿಲ್ಲಬಾರದೆಂದೇ ಅಲ್ಲವೇ ತ್ರಿಶಲಾ ಎರಡು ವರ್ಷ ತಲೆ ಕೆಡಿಸಿಕೊಂಡದ್ದು! ಕೆಟಲಿನ ಪ್ಲಗ್ ಕಿತ್ತು ಸರ್ವರ್ ಆನ್ ಮಾಡಿದಳು. ಪಟ್ಟಿಯಲ್ಲಿ ತಪ್ಪಿಹೋದ ಬದಲಾವಣೆಗಳನ್ನು ಅದು ಸಾಗರದ ಸರ್ವರಿನಿಂದ ತಾನೇ ಕೇಳಿ ಬರೆದುಕೊಂಡಿತು.

ಐದು ನಿಮಿಷವೂ ಆಗಿರಲಿಲ್ಲ, ಮೂರು ಟೇಬಲುಗಳಿಂದ ಒಟ್ಟಿಗೇ ದೂರು ಬಂತು: "ಮೇಡಂ, ಕಾಫಿ?"

"ಕೆಟಲನ್ನ ನಾನು ಮೂರು ಕಡೆ ಇಟ್ಟಿಲ್ವಲ್ಲ," ಎಂದಳು ತ್ರಿಶಲಾ.