ಸಣ್ಣಕ್ಕನ ಮುಯ್ಯಿ

ಹಿರೀಸಾವೆಯಿಂದ ಒಳಕ್ಕೆ ಹೋದರೆ ಸಿಗುವ ಆ ಊರಿನಲ್ಲಿ ರಾಗಿ ಕೊಯ್ಲಿನ ಮಾತೆತ್ತಿದರೆ ಸಾಕು, ಸಣ್ಣಕ್ಕನ ಹೆಸರು ಬಂದೇ ಬರುತ್ತದೆ. ಗಿಡ್ಡ ಹೆಂಗಸು, ಬಾಯಿ ಮಾತ್ರ ಊರಗಲ! ಕೂಲಿಯಾಳುಗಳೆಲ್ಲ ಬೆಳಿಗ್ಗೆಯೇ ಪೇಟೆಯ ಗಾಡಿ ಹತ್ತುತ್ತಿದ್ದ ಕಾಲದಲ್ಲಿ, ಮೂಲೆಗೆ ಬಿದ್ದಿದ್ದ ಮುಯ್ಯಾಳು ಪದ್ಧತಿಯನ್ನು ಎಬ್ಬಿಸಿ ನಿಲ್ಲಿಸಿದವಳು ಅವಳೇ. ಇವತ್ತು ನಿನ್ನ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀನು. ಕೂಲಿಯಿಲ್ಲ, ನಿನ್ನ ಬದಲು ಇನ್ನೊಬ್ಬರಿಲ್ಲ. ಅವಳ ಕೇರಿಯವರೂ ಮೇಲಿನ ಬೀದಿಯ ಒಕ್ಕಲು ಹೆಂಗಸರೂ ಒಂದೇ ಸಾಲಿನಲ್ಲಿ ಕುಡುಗೋಲು ಹಿಡಿದದ್ದನ್ನು ಕಂಡು ಊರೇ ಮೂಗಿನ ಮೇಲೆ ಬೆರಳಿಟ್ಟಿತ್ತು.

ಆ ವರ್ಷ ಕೊಯ್ಲಿನ ಹೊತ್ತಿಗೇ ಸೈಕ್ಲೋನ್ ಮಳೆ ಹಿಡಿಯಿತು. ಮಳೆಯೇನೋ ಬಿಡುವು ಕೊಟ್ಟಿತು, ಕೆಸರಿಗೆ ಮಾತ್ರ ಕೊಯ್ಯುವ ಮಿಷನ್ ಇಳಿಯುವಂತಿರಲಿಲ್ಲ. ದೊಡ್ಡ ಹಿಡುವಳಿಯ ಜಯಲಕ್ಷ್ಮಮ್ಮ ಮೊದಲ ಸಲ ಸಣ್ಣಕ್ಕನ ಬಾಗಿಲಿಗೆ ಬಂದು, "ನನ್ನೂ ಮುಯ್ಯಿಗೆ ಸೇರಿಸ್ಕಳೆ ಸಣ್ಣಕ್ಕ" ಎಂದಳು. ಗುಂಪೆಲ್ಲ ಹೋಗಿ ಅವಳ ರಾಗಿ ಕೊಯ್ದು, ಕಂತೆ ಕಟ್ಟಿ, ಮೆದೆ ಹಾಕಿ, ಮೇಲೆ ಟಾರ್ಪಾಲು ಹೊದಿಸಿಯೇ ಬಂದಿತು.

ಮರುದಿನ ಸಣ್ಣಕ್ಕನ ಸರದಿ. ವರ್ಷವಿಡೀ ಮನೆಯ ಹಿಟ್ಟಿಗೆ ಇದ್ದದ್ದು ಅದೊಂದೇ ತುಂಡು ಹೊಲ. ಮತ್ತೆ ಮೋಡ ಕಟ್ಟುತ್ತಿತ್ತು. ಇನ್ನೊಂದು ಮಳೆ ಬಿದ್ದರೆ ತೆನೆಯಲ್ಲೇ ಮೊಳಕೆ. ಬೆಳಿಗ್ಗೆ ನೋಡಿದರೆ ಜಯಲಕ್ಷ್ಮಮ್ಮನ ಬದಲು ಅವಳ ಮನೆಯ ಸಂಬಳದಾಳು ದೇವರಾಜು ಬಂದು ನಿಂತಿದ್ದ.

"ಅವ್ವಾರು ನನ್ನ ಕಳ್ಸವ್ರೆ. ಅವ್ರ ಬದ್ಲು ನಾನ್ ಕುಯ್ತೀನಿ."

ಸೆರಗು ಸಿಕ್ಕಿಸಿಕೊಂಡು ಸಾಲಿನಲ್ಲಿ ನಿಂತಿದ್ದ ಲಕ್ಷ್ಮಿದೇವಮ್ಮ ಸೆರಗನ್ನು ಬಿಚ್ಚಿಯೇಬಿಟ್ಟಳು. "ಅವ್ರು ಆಳ್ ಕಳ್ಸದಾದ್ರೆ ನಂಗೇನ್ ಗ್ರಾಚಾರ? ಇನ್ಮ್ಯಾಲೆ ನಾನೂ ಬರಾಕಿಲ್ಲ ಕಣಕ್ಕ."

ಸಣ್ಣಕ್ಕ ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಇವತ್ತಿನ ರಾಗಿ ಉಳಿಯುತ್ತದೆ, ಗುಂಪು ಉಳಿಯುವುದಿಲ್ಲ.

"ನಿನ್ ಮ್ಯಾಲೆ ನಂಗ್ಯಾವ ಕ್ವಾಪಾನೂ ಇಲ್ಲ ಕಣಪ್ಪ" ಎಂದಳು ದೇವರಾಜುವಿಗೆ. "ಅವ್ರ ವಲಕ್ಕೆ ನಾವ್ ಆಳ್ ಕಳ್ಸಿರ್ಲಿಲ್ಲ, ನಾವೇ ಓಗಿದ್ದೊ. ಅವ್ರು ಬರಗಂಟ ಇಲ್ಲಿ ಒಂದ್ ತೆನೆನೂ ಕುಯ್ಯಂಗಿಲ್ಲ ಅಂತ ಯೋಳೋಗು."

"ಮಳೆ ಬಂದ್ರೆ?"

"ಬರ್ಲಿ ಬುಡು!"

ದೇವರಾಜು ಸುದ್ದಿ ಹೇಳಲು ಹೊರಟ. ಸಣ್ಣಕ್ಕ ಬದುವಿನ ಮೇಲೆ ಕೂತು ಮೋಡ ನೋಡಿದಳು. ಉಳಿದವರೂ ಅವಳ ಪಕ್ಕ ಕೂತರು.

ಸ್ವಲ್ಪ ಹೊತ್ತಿಗೆ ಜಯಲಕ್ಷ್ಮಮ್ಮ ದುಮುಗುಟ್ಟುತ್ತ ಬಂದಳು. "ಏನೇ ನಿನ್ ಜಂಬ! ಈ ರಾಗಿ ಕೆಟ್ಟೋದ್ರೆ ಉಣ್ಣಾಕೇನ್ ಮಾಡೀಯೆ?"

"ಏನೋ ಮಾಡ್ಕತೀನಿ ಅವ್ವಾರೆ. ಮುಂದಿನ್ ವರ್ಸ ನೀವ್ ಯಾರ್ನ ಕರ್ದೀರಿ?"

ಮಾತು ಜಯಲಕ್ಷ್ಮಮ್ಮನಿಗೆ ನೆಟ್ಟಗೆ ತಾಗಿತು. ನಿನ್ನೆ ತನ್ನ ಹೊಲದಲ್ಲಿ ತಲೆಯೆತ್ತದೆ ಕೊಯ್ದ ಹೆಂಗಸರೆಲ್ಲ ಕೈಕಟ್ಟಿಕೊಂಡು ತನ್ನನ್ನೇ ನೋಡುತ್ತಿದ್ದರು. ಅವಳ ದನಿ ಇಳಿಯಿತು. "ನಾನ್ ಕುಡ್ಲು ಇಡ್ದು ಎಷ್ಟೋ ಕಾಲ ಆಯ್ತು ಕಣೆ. ನಿಮ್ ಸಮಕ್ಕೆ ಕೈ ಓಡಾಕಿಲ್ಲ. ಎಲ್ಲಾ ನಗ್ತೀರಿ ಅಂತ..."

"ನಗದೆ ಇನ್ನೇನು! ನಕ್ಕೇ ನಗ್ತೀವಿ. ಬನ್ನಿ!"

ನಕ್ಕರು ಕೂಡ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಸಾಲು ಎಲ್ಲೂ ಮುರಿಯಲಿಲ್ಲ. ಜಯಲಕ್ಷ್ಮಮ್ಮ ಹಿಂದೆ ಬಿದ್ದಾಗಲೆಲ್ಲ ಪಕ್ಕದವಳು ಅವಳ ಪಾಲಿನದನ್ನೂ ನಾಲ್ಕು ಹಿಡಿ ಕೊಯ್ದು ಮುಂದೆ ಹೋದಳು. ಸಂಜೆ ಮೊದಲ ಹನಿ ಬೀಳುವ ಹೊತ್ತಿಗೆ ಹೊಲ ಬರಿದಾಗಿ, ಮೆದೆಯ ಮೇಲೆ ಟಾರ್ಪಾಲು ಬಿದ್ದಿತ್ತು. ಹೆಂಗಸರು ಕೇಕೆ ಹಾಕಿದರು. ಸಣ್ಣಕ್ಕನಿಗೆ ಖುಷಿಗೆ ಕಣ್ಣು ತುಂಬಿ ಬಂತು.

ಕೆಸರುಗೈಯಲ್ಲೇ ಬೆವರು ಒರೆಸಿಕೊಂಡ ಜಯಲಕ್ಷ್ಮಮ್ಮ ಲಕ್ಷ್ಮಿದೇವಮ್ಮನ ಕಡೆ ತಿರುಗಿ ಗದರಿದಳು: "ಮಳೆ ನಿಂತ ಕೂಡ್ಲೆ ನಿನ್ ವಲ ತಾನೆ? ನನ್ ಬುಟ್ಟು ಸುರು ಮಾಡ್ಬುಟ್ಟೀರ, ಉಸಾರು!"