ಕಂಬವಿಲ್ಲದ ಫೋಟೊ

ಸವಳಂಗದ ನಮ್ಮ ಮನೆಗೆ ಆರ್‌ಸಿಸಿ ಹಾಕಿದಾಗ ಪಡಸಾಲೆಯ ತುಂಬ ನೀಲಗಿರಿ ಕಂಬ ನಿಲ್ಲಿಸಿದ್ದರು. ಮೂರು ವಾರ ಕಳೆದ ಮೇಲೆ ಎಲ್ಲವನ್ನೂ ತೆಗೆದು ಟ್ರ್ಯಾಕ್ಟರಿಗೆ ಹೇರಿದರು. ಮನೆಯೊಳಗಿನ ಕಂಬ ಎಂದರೆ ಕೆಲಸ ಮುಗಿದ ಮೇಲೆ ತೆಗೆಯುವಂಥದ್ದು ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಹೋದ ವರ್ಷ ನಾನು ಮನೆಗಳನ್ನು ಜೋಡಿ ಮಾಡಿ ಫೋಟೊ ತೆಗೆಯುತ್ತಿದ್ದೆ. ನಮ್ಮ ಪಡಸಾಲೆ ಒಂದು, ನಾನು ಕಾಣದ ಊರಿನ ಪಡಸಾಲೆ ಇನ್ನೊಂದು. ಹಾಗೆ ಬಿಳಿಚೋಡಿನಲ್ಲಿ ಕುರಿ ಸಾಕುವವರ ಮನೆಗೆ ಹೋದೆ. ಮಣ್ಣಿನ ಮಾಳಿಗೆ. ಪ್ರತಿ ವರ್ಷ ಮಳೆಗೆ ಮುಂಚೆ ಮೇಲೆ ನೀರು ಇಳಿಯದಂತೆ ಕರಲು ಮಣ್ಣು ಹರಡುತ್ತಾರೆ, ಹಳೆಯದರ ಮೇಲೇ ಹೊಸದು. ಬೆಳಕಿಂಡಿಯಿಂದ ಬಿಸಿಲು ನೆಲಕ್ಕೆ ಬಿದ್ದಿತ್ತು. ಅದರ ಮುಂದೆಯೇ ಒಂದು ಕಂಬ, ಅದಕ್ಕೊಂದು ಟವೆಲ್ಲು. ಒಂದು ಫೋಟೊ ಹೊಡೆದೆ, ಸರಿಬರಲಿಲ್ಲ.

"ಅಕ್ಕಾ, ಈ ಕಂಬ ಸ್ವಲ್ಪ ಆ ಕಡೆ ಇಡಾಕೆ ಆಗ್ತೈತಾ?"

ಮನೆಯಾಕೆ ಒಮ್ಮೆ ಮೇಲೆ ನೋಡಿದರು, ಆಮೇಲೆ ನನ್ನನ್ನು. ಒಂದು ಗಳಿಗೆ ತಾನೆ ಎನ್ನುತ್ತ ಬುಡದ ಬೆಣೆಯನ್ನು ಕಲ್ಲಿನಿಂದ ತಟ್ಟಿ ಬಿಡಿಸಿ ಕಂಬ ಸರಿಸಿದರು. ಅವರು ಮೇಲೆ ನೋಡಿದ್ದನ್ನು ನಾನು ಕಂಡಿದ್ದೆ. ಈಗಲೂ ದಿನವೂ ನನ್ನ ನೆನಪು ಅಲ್ಲಿಗೇ ಬಂದು ನಿಲ್ಲುತ್ತದೆ.

ಫೋಟೊ ಚೆನ್ನಾಗಿ ಬಂದಿತ್ತು. ಅದನ್ನೇ ನೋಡುತ್ತಿದ್ದಾಗ ನನ್ನ ಕೈಮೇಲೆ ಸಣ್ಣಗೆ ಮಣ್ಣು ಉದುರಿತು, ಜರಡಿ ಹಿಡಿದ ಹಾಗೆ. ಅವರು ನನ್ನನ್ನು ಬಾಗಿಲ ಕಡೆ ತಳ್ಳಿದರು. ತೊಲೆ ಮುರಿದು ಅರ್ಧ ಮಾಳಿಗೆ ಕುಸಿಯಿತು. ಧೂಳು ಇಳಿದಾಗ ಅವರ ಬಲಗೈ ಮಣ್ಣಿನಡಿ ಇತ್ತು.

ಆಕೆಯ ಗಂಡ ಓಡಿಬಂದು ಮಣ್ಣು ಬಗೆದರು. "ಕಂಬ ಮುಟ್ಟಬ್ಯಾಡ ಅಂತ ಎಷ್ಟು ಸಲ ಹೇಳೀನಿ ನಿಂಗೆ," ಎಂದು ಬೈಯುತ್ತಲೇ ಬಗೆದರು. ಕಸ ಹೊಡೆಯಾಕೆ ಸರಿಸಿದ್ದೆ ಎಂದರು ಆಕೆ. ಕೊರಳಲ್ಲಿ ಕ್ಯಾಮೆರಾ ಹಾಕಿಕೊಂಡು ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ಮತ್ತೆ ಹೋಗಲು ಆರು ತಿಂಗಳು ಬೇಕಾಯಿತು. ಮಾಳಿಗೆ ಇದ್ದಲ್ಲಿ ತಗಡು ಬಂದಿತ್ತು. ಆಕೆಯ ಬಲ ಮಣಿಕಟ್ಟು ಮಡಚುತ್ತಿರಲಿಲ್ಲ. ತಪ್ಪು ತಿಳಿಯಬ್ಯಾಡ್ರಿ ಎನ್ನುತ್ತ ಎಡಗೈಯಲ್ಲಿ ಚಹಾ ಕೊಟ್ಟರು. "ಇವಳು ಕಸ ಹೊಡದ್ರೆ ಮನೇನೇ ಹೋಗ್ತೈತ್ರಿ," ಎಂದು ಗಂಡ ನಕ್ಕರು. ಕೇರಿಯಲ್ಲೆಲ್ಲ ಅದೇ ತಮಾಷೆಯಂತೆ. ಆಕೆಯೂ ನಕ್ಕರು.

"ಕಂಬ ತೆಗೆಸಿದ್ದು ನಾನ್ರೀ," ಎಂದು ಫೋಟೊ ಮುಂದಿಟ್ಟೆ.

ಅವರು ಫೋಟೊ ನೋಡಲಿಲ್ಲ, ಹೆಂಡತಿಯನ್ನು ನೋಡಿದರು. ಯಾಕೆ ಹೇಳಲಿಲ್ಲ ಎಂದು ಕೇಳಿದರು.

"ಮನೆಗೆ ಬಂದೋರ ಮ್ಯಾಲೆ ಹೆಂಗೆ ಹೇಳಾದು?"

ಮಾಳಿಗೆ ಇದ್ದಾಗಿನ ಆ ಮನೆಯ ಒಂದು ಫೋಟೊವೂ ಅವರ ಬಳಿ ಇರಲಿಲ್ಲ. ಆಕೆ ನಾನು ಮುಂದಿಟ್ಟಿದ್ದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ನಮ್ಮನೆ ಥರ ಇಲ್ಲ. ಕಂಬ ಇದ್ದಾಗ ಒಂದು ಹೊಡದಿದ್ರಲ್ಲ, ಅದು ಎಲ್ಲೈತೆ?"

ಸರಿಬರಲಿಲ್ಲವೆಂದು ಅದನ್ನು ಅವತ್ತು ಅಲ್ಲೇ ನಿಂತು ಅಳಿಸಿದ್ದೆ. ಅದನ್ನೂ ಹೇಳಿದೆ.